ಕಸದ ರಸ ಮತ್ತು ನುಗ್ಗೆ ಬೀಜ: ಸಸ್ಯಮೂಲ ಹೆಪ್ಪುಕಾರಕಗಳಿಂದ ತ್ಯಾಜ್ಯ ದ್ರವದ ಸಂಸ್ಕರಣೆ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಪೀಠಿಕೆ

ಗ್ರಾಮದ ನೈರ್ಮಲ್ಯವನ್ನು ಕಾಪಾಡುವುದು ಹಾಗೂ ಕುಡಿಯುವ ನೀರಿನ ಮೂಲಗಳನ್ನು ರಕ್ಷಿಸುವುದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಆಶಯದಂತೆ ಗ್ರಾಮ ಪಂಚಾಯಿತಿಯ ಹೊಣೆಗಳಾಗಿವೆ. ಈ ಎರಡು ಹೊಣೆಗಳು ಒಂದನ್ನೊಂದು ಎದುರುಗೊಳ್ಳುವ ಸ್ಥಳವೆಂದರೆ ಊರಾಚೆಯ ಕಸದ ಗುಡ್ಡೆ. ಕಸವು ಊರಿನಿಂದ ಹೊರಗೆ ಹೋದ ಮಾತ್ರಕ್ಕೆ ಅದರ ಕಥೆ ಮುಗಿಯುವುದಿಲ್ಲ. ಮಳೆ ಬಿದ್ದಾಗ ಕಸದೊಳಗಿಂದ ಇಳಿದು ಬರುವ ಕಪ್ಪು ದ್ರವವು ನೆಲದೊಳಗೆ ದಾರಿ ಮಾಡಿಕೊಂಡು ಕೊಳವೆ ಬಾವಿಯ ಮೂಲಕ ಮತ್ತೆ ಊರೊಳಗೆ ಬರಬಲ್ಲದು. ಈ ದ್ರವವನ್ನು ತಾಂತ್ರಿಕವಾಗಿ ಲೀಚೇಟ್ ಎನ್ನುತ್ತಾರೆ. ಈ ಪಾಠದಲ್ಲಿ ಅದನ್ನು ಕಸದ ರಸ ಎಂದು ಕರೆಯಲಾಗಿದೆ.

ನುಗ್ಗೆ ಬೀಜ, ಚಿಲ್ಲದ ಬೀಜ, ಪಾಪಾಸುಕಳ್ಳಿ ಮುಂತಾದ ಸಸ್ಯಮೂಲಗಳಿಂದ ಇಂತಹ ದ್ರವವನ್ನು ತಿಳಿಗೊಳಿಸಬಹುದೆಂಬ ವಿಷಯ ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಈ ವಿಧಾನದಿಂದ ಏನು ಸಾಧ್ಯ, ಏನು ಅಸಾಧ್ಯ, ಪಂಚಾಯಿತಿಯು ಯಾವ ಕ್ರಮದಲ್ಲಿ ಹೆಜ್ಜೆ ಇಡಬೇಕು ಎಂಬುದನ್ನು ಪರಶುರಾಂಪುರ ಹೋಬಳಿಯ ಪರಿಸ್ಥಿತಿಯನ್ನು ಎದುರಿಗಿಟ್ಟುಕೊಂಡು ವಿವರಿಸುವುದು ಈ ಪಾಠದ ಉದ್ದೇಶ.

1. ಈ ಭಾಗಕ್ಕೆ ವಿಷಯ ಏಕೆ ಮುಖ್ಯ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಪರಶುರಾಂಪುರ ಹೋಬಳಿಯ ಗ್ರಾಮಗಳು ಬಹುಮಟ್ಟಿಗೆ ಕೊಳವೆ ಬಾವಿಗಳನ್ನೇ ನೆಚ್ಚಿಕೊಂಡಿವೆ. ಇಲ್ಲಿನ ನೆಲದಡಿ ಗಟ್ಟಿ ಶಿಲೆಯಿದ್ದು, ನೀರು ಶಿಥಿಲಗೊಂಡ ಕಲ್ಲಿನ ಪದರದಲ್ಲಿ ಹಾಗೂ ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಮರಳು, ಜೇಡಿಯ ದಪ್ಪ ಪದರದ ಮೂಲಕ ಇಳಿಯುವ ನೀರು ಸ್ವಲ್ಪಮಟ್ಟಿಗಾದರೂ ಸೋಸಿಹೋಗುತ್ತದೆ. ಬಿರುಕಿನ ಮೂಲಕ ಇಳಿಯುವ ನೀರಿಗೆ ಆ ರಕ್ಷಣೆ ಇಲ್ಲ. ಒಮ್ಮೆ ಬಿರುಕಿನೊಳಗೆ ಸೇರಿದ ಮಾಲಿನ್ಯವನ್ನು ಹೊರತೆಗೆಯುವುದೂ ಸುಲಭವಲ್ಲ. ಜಿಲ್ಲೆಯ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮೊದಲೇ ಅಧಿಕವಾಗಿದೆ. ಅದರ ಮೇಲೆ ಕಸದ ರಸವೂ ಸೇರಿದರೆ ಶುದ್ಧ ಕುಡಿಯುವ ನೀರಿನ ಘಟಕಗಳ ಮೇಲಿನ ಹೊರೆ ಹೆಚ್ಚುತ್ತದೆ.

ಮಳೆ ಕಡಿಮೆಯಾದ್ದರಿಂದ ಇಲ್ಲಿ ಕಸದ ರಸದ ಸಮಸ್ಯೆಯೇ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಬರದ ನಾಡಿನ ಮಳೆ ವರ್ಷವಿಡೀ ಹಂಚಿ ಬೀಳದೆ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. 1933ರ ನಂತರ ಕೋಡಿ ಬೀಳದಿದ್ದ ವಾಣಿ ವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದುದನ್ನೂ ವೇದಾವತಿ ತುಂಬಿ ಹರಿದುದನ್ನೂ ಈ ಭಾಗದ ಜನ ಕಂಡಿದ್ದಾರೆ. ಅಂತಹ ಮಳೆಯಲ್ಲಿ ಹಳ್ಳದ ದಡದ ಕಸದ ಗುಡ್ಡೆಯಿಂದ ಹರಿದ ದ್ರವವು ಹಳ್ಳದ ಮೂಲಕ ವೇದಾವತಿಯನ್ನು ಸೇರುತ್ತದೆ. ನದಿ ಮುಂದೆ ಆಂಧ್ರಪ್ರದೇಶದ ಭೈರವಾನಿತಿಪ್ಪ ಜಲಾಶಯವನ್ನು ಸೇರುತ್ತದೆ. ಒಂದು ಊರಿನ ಅಲಕ್ಷ್ಯದ ಫಲವನ್ನು ಮತ್ತೊಂದು ರಾಜ್ಯದ ಊರು ಉಣ್ಣಬೇಕಾಗಬಹುದು.

2. ಕಸದ ರಸದಲ್ಲಿ ಏನಿದೆ?

ಅಡುಗೆಮನೆಯ ತ್ಯಾಜ್ಯ, ಹಣ್ಣು ತರಕಾರಿ, ಮಾಂಸದ ಅಂಗಡಿಯ ಉಳಿಕೆ ಮುಂತಾದ ಹಸಿ ಕಸವು ಗಾಳಿಯಿಲ್ಲದೆ ಕೊಳೆತಾಗ ತನ್ನೊಳಗಿನ ನೀರನ್ನು ಬಿಡುತ್ತದೆ. ಮೇಲಿನಿಂದ ಬಿದ್ದ ಮಳೆನೀರು ಅದರೊಡನೆ ಸೇರಿ, ದಾರಿಯಲ್ಲಿ ಸಿಕ್ಕ ಬ್ಯಾಟರಿ, ಬಣ್ಣದ ಡಬ್ಬಿ, ಹಳೆಯ ಔಷಧಿ, ಕೀಟನಾಶಕದ ಬಾಟಲಿಗಳಲ್ಲಿನ ವಸ್ತುಗಳನ್ನೂ ಕರಗಿಸಿಕೊಂಡು ಇಳಿಯುತ್ತದೆ. ಹೀಗೆ ಉಂಟಾದ ದ್ರವದಲ್ಲಿ ನಾಲ್ಕು ಬಗೆಯ ಅಂಶಗಳಿರುತ್ತವೆ.

ಮೊದಲನೆಯದು, ನೀರಿನಲ್ಲಿ ತೇಲಾಡುವ ಸೂಕ್ಷ್ಮ ಕಣಗಳು. ನೀರಿನ ಬಗ್ಗಡಕ್ಕೆ ಇವೇ ಕಾರಣ. ಎರಡನೆಯದು, ಕರಗಿದ ಸಾವಯವ ವಸ್ತುಗಳು. ಇವುಗಳ ಪ್ರಮಾಣವನ್ನು ಜೈವಿಕ ಆಮ್ಲಜನಕ ಬೇಡಿಕೆ ಅಂದರೆ ಬಿಒಡಿ, ರಾಸಾಯನಿಕ ಆಮ್ಲಜನಕ ಬೇಡಿಕೆ ಅಂದರೆ ಸಿಒಡಿ ಎಂಬ ಎರಡು ಅಳತೆಗಳಿಂದ ತಿಳಿಯುತ್ತಾರೆ. ಮೂರನೆಯದು, ಅಮೋನಿಯಾ ಹಾಗೂ ಕ್ಲೋರೈಡ್ ಮೊದಲಾದ ಕರಗಿದ ಲವಣಗಳು. ನಾಲ್ಕನೆಯದು, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂತಹ ಲೋಹಗಳು. ಇವುಗಳ ಜೊತೆಗೆ ರೋಗಾಣುಗಳೂ ಇರುತ್ತವೆ. ಮೊದಲ ಅಂಶಕ್ಕೆ ನೀಡುವ ಚಿಕಿತ್ಸೆ ಉಳಿದವಕ್ಕೆ ಸಾಕಾಗುವುದಿಲ್ಲ. ಮುಂದಿನ ಚರ್ಚೆಯನ್ನು ಅರಿಯಲು ಈ ಭೇದವನ್ನು ನೆನಪಿನಲ್ಲಿಡುವುದು ಅಗತ್ಯ.

3. ಮಾವಳ್ಳಿಪುರ ಮತ್ತು ಮಂಡೂರು ಕಲಿಸಿದ ಪಾಠ

ಕಸದ ರಸವು ಗ್ರಾಮಗಳಿಗೆ ಎಂತಹ ಸಂಕಟ ತರಬಲ್ಲದು ಎಂಬುದಕ್ಕೆ ರಾಜ್ಯದ ಅತ್ಯಂತ ಪರಿಚಿತ ಉದಾಹರಣೆಗಳು ಬೆಂಗಳೂರಿನ ಹೊರವಲಯದಲ್ಲಿವೆ. ಯಲಹಂಕ ಸಮೀಪದ ಮಾವಳ್ಳಿಪುರದಲ್ಲಿ ವರ್ಷಗಳ ಕಾಲ ನಗರದ ಕಸವನ್ನು ಸುರಿಯಲಾಯಿತು. ಕೆರೆ ಮತ್ತು ಬಾವಿಗಳ ನೀರು ಕೆಟ್ಟಿತೆಂದು ಗ್ರಾಮಸ್ಥರು ನಿರಂತರವಾಗಿ ಪ್ರತಿಭಟಿಸಿದ ಮೇಲೆ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಬಳಿಕ ಹೊರೆಯನ್ನು ಹೊತ್ತ ಮಂಡೂರಿನಲ್ಲಿಯೂ ಜನರ ಹೋರಾಟದ ಫಲವಾಗಿ 2014ರ ಕೊನೆಯಲ್ಲಿ ವಿಲೇವಾರಿ ನಿಂತಿತು.

ಮಾವಳ್ಳಿಪುರದ ಕಸದ ರಸವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿದಾಗ ಸಿಒಡಿ ಲೀಟರಿಗೆ ಸುಮಾರು 10,000 ಮಿಲಿಗ್ರಾಂ, ಬಿಒಡಿ ಸುಮಾರು 1,500 ಮಿಲಿಗ್ರಾಂ ಆಸುಪಾಸಿನಲ್ಲಿ ಕಂಡುಬಂದಿತು. ಸಂಸ್ಕರಿಸಿದ ಕಸದ ರಸವನ್ನು ಹಳ್ಳ, ನದಿ, ಕೆರೆಗಳಿಗೆ ಬಿಡಬೇಕಾದರೆ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಗದಿಪಡಿಸಿದ್ದ ಮಿತಿ ಸಿಒಡಿ 250 ಮಿಲಿಗ್ರಾಂ, ಬಿಒಡಿ 30 ಮಿಲಿಗ್ರಾಂ, ಅಮೋನಿಯಾ ರೂಪದ ಸಾರಜನಕ 50 ಮಿಲಿಗ್ರಾಂ, ತೇಲುವ ಘನಕಣ 100 ಮಿಲಿಗ್ರಾಂ. ಹತ್ತು ಸಾವಿರದಿಂದ ಇನ್ನೂರೈವತ್ತಕ್ಕೆ ಇಳಿಸುವುದೆಂದರೆ ನೂರರಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಭಾಗವನ್ನು ತೆಗೆದುಹಾಕುವುದು ಎಂದರ್ಥ. ಇದು ಯಾವುದೇ ಒಂದೇ ಪುಡಿಯಿಂದ ಆಗುವ ಕೆಲಸವಲ್ಲ.

ಬಿಒಡಿ ಹಾಗೂ ಸಿಒಡಿಗಳ ನಡುವಿನ ಅಂತರವೂ ಒಂದು ವಿಷಯವನ್ನು ತಿಳಿಸುತ್ತದೆ. ಬಿಒಡಿ ಎಂಬುದು ಸೂಕ್ಷ್ಮಜೀವಿಗಳು ತಿಂದು ಕರಗಿಸಬಲ್ಲ ಭಾಗ. ಹಳೆಯ ಗುಡ್ಡೆಯ ರಸದಲ್ಲಿ ಈ ಭಾಗ ಕಡಿಮೆಯಾಗಿರುತ್ತದೆ. ಆದ್ದರಿಂದ ಹಳೆಯ ರಸವನ್ನು ಸೂಕ್ಷ್ಮಜೀವಿಗಳಿಂದಷ್ಟೇ ಶುದ್ಧಗೊಳಿಸಲಾಗದು. ಅಂತಹ ಕಡೆ ಹೆಪ್ಪುಗಟ್ಟಿಸುವ ವಿಧಾನ ಮೊದಲ ಹಂತವಾಗಿ ಉಪಯೋಗಕ್ಕೆ ಬರುತ್ತದೆ.

4. ಹೆಪ್ಪುಕಾರಕ ಎಂದರೇನು?

ಬಗ್ಗಡ ನೀರಿನ ಸೂಕ್ಷ್ಮ ಕಣಗಳು ಸಾಮಾನ್ಯವಾಗಿ ಋಣ ವಿದ್ಯುದಂಶವನ್ನು ಹೊಂದಿರುತ್ತವೆ. ಒಂದೇ ಬಗೆಯ ವಿದ್ಯುದಂಶವುಳ್ಳ ಕಣಗಳು ಪರಸ್ಪರ ದೂರ ತಳ್ಳುವುದರಿಂದ ಅವು ಒಂದುಗೂಡದೆ ದಿನಗಟ್ಟಲೆ ತೇಲುತ್ತವೆ. ಧನ ವಿದ್ಯುದಂಶವುಳ್ಳ ವಸ್ತುವನ್ನು ಬೆರೆಸಿದರೆ ಈ ತಳ್ಳಾಟ ತಗ್ಗಿ, ಕಣಗಳು ಹಾಲು ಒಡೆದಾಗ ಕಾಣುವ ಗರಣೆಗಳಂತೆ ಕೂಡಿಕೊಂಡು ತಳಕ್ಕೆ ಇಳಿಯುತ್ತವೆ. ಹೀಗೆ ಮಾಡುವ ವಸ್ತುವೇ ಹೆಪ್ಪುಕಾರಕ. ನಗರಗಳ ನೀರು ಶುದ್ಧೀಕರಣ ಕೇಂದ್ರಗಳಲ್ಲಿ ಬಳಸುವ ಪಟಿಕ, ಅಂದರೆ ಆಲಂ, ಇದೇ ಕೆಲಸವನ್ನು ಮಾಡುತ್ತದೆ.

ಪಟಿಕವು ಅಗ್ಗವಾದ, ನಂಬಬಹುದಾದ ವಸ್ತು. ಆದರೆ ಅದು ನೀರಿನ ಕ್ಷಾರಗುಣವನ್ನು ತಗ್ಗಿಸುತ್ತದೆ. ತಳದಲ್ಲಿ ನಿಲ್ಲುವ ಗಸಿಯ ಪ್ರಮಾಣವೂ ಹೆಚ್ಚು, ಆ ಗಸಿಯಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಸಸ್ಯಮೂಲ ಹೆಪ್ಪುಕಾರಕಗಳು ನೀರಿನ ಆಮ್ಲ ಕ್ಷಾರ ಗುಣವನ್ನು ಹೆಚ್ಚು ಬದಲಿಸುವುದಿಲ್ಲ, ಗಸಿಯ ಪ್ರಮಾಣವೂ ಸಾಮಾನ್ಯವಾಗಿ ಕಡಿಮೆ. ಅವುಗಳ ಬಗೆಗಿನ ಆಸಕ್ತಿಗೆ ಇದೇ ಕಾರಣ.

5. ನಮ್ಮ ನೆಲದ ಸಸ್ಯಗಳು

ನುಗ್ಗೆ: ಬಲಿತು ಒಣಗಿದ ನುಗ್ಗೆ ಬೀಜದ ತಿರುಳಿನಲ್ಲಿ ನೀರಿನಲ್ಲಿ ಕರಗುವ, ಧನ ವಿದ್ಯುದಂಶವುಳ್ಳ ಪ್ರೋಟೀನುಗಳಿವೆ. ಸುಡಾನ್ ದೇಶದ ಹಳ್ಳಿಯ ಹೆಂಗಸರು ನೈಲ್ ನದಿಯ ಕೆಂಪು ನೀರನ್ನು ಈ ಬೀಜದಿಂದ ತಿಳಿಗೊಳಿಸುತ್ತಿದ್ದರು. ಆ ಪದ್ಧತಿಯನ್ನು ಜರ್ಮನಿಯ ಸಂಶೋಧಕಿ ಸಾಮಿಯಾ ಅಲ್ ಅಜ್ಹಾರಿಯಾ ಯಾನ್ ಅವರು 1970 ಮತ್ತು 80ರ ದಶಕಗಳಲ್ಲಿ ಶಾಸ್ತ್ರೀಯವಾಗಿ ಅಧ್ಯಯನ ಮಾಡಿ ಜಗತ್ತಿಗೆ ಪರಿಚಯಿಸಿದರು. ನುಗ್ಗೆ ಬೀಜದ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಎಣ್ಣೆ ಇರುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿಯೂ ಹೆಪ್ಪುಗಟ್ಟಿಸುವ ಪ್ರೋಟೀನು ಉಳಿದಿರುತ್ತದೆ. ಶೇಂಗಾ ಎಣ್ಣೆ ಗಾಣಗಳಿಗೆ ಹೆಸರಾದ ಚಳ್ಳಕೆರೆಯ ಜನರಿಗೆ ಎಣ್ಣೆ ಮತ್ತು ಹಿಂಡಿಯ ಈ ಲೆಕ್ಕ ಹೊಸತಲ್ಲ. ಶೇಂಗಾ ಬೀಜದ ಸಾರವನ್ನು ಸಹ ಪ್ರಯೋಗಾಲಯಗಳಲ್ಲಿ ಹೆಪ್ಪುಕಾರಕವಾಗಿ ಪರೀಕ್ಷಿಸಲಾಗಿದೆ.

ಚಿಲ್ಲ: ಸಂಸ್ಕೃತದಲ್ಲಿ ಕತಕ ಎನಿಸಿಕೊಂಡ ಈ ಮರದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಬಗ್ಗಡ ನೀರನ್ನು ತಿಳಿಗೊಳಿಸುವ ರೂಢಿ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಸುಶ್ರುತ ಸಂಹಿತೆಯು ನೀರನ್ನು ತಿಳಿಗೊಳಿಸುವ ದ್ರವ್ಯಗಳಲ್ಲಿ ಕತಕವನ್ನು ಹೆಸರಿಸುತ್ತದೆ. ಆದರೆ ಇದೇ ಕುಲಕ್ಕೆ ಸೇರಿದ ಕಾಸರಕದ ಬೀಜ ಘೋರ ವಿಷ. ಗುರುತು ಖಚಿತವಿಲ್ಲದ ಬೀಜವನ್ನು ಯಾವ ಕಾರಣಕ್ಕೂ ಬಳಸಬಾರದು.

ಪಾಪಾಸುಕಳ್ಳಿ: ಬೇಲಿಗಳಲ್ಲಿ ಬೆಳೆಯುವ ಈ ಕಳ್ಳಿಯ ಎಲೆಯಂತಹ ದಪ್ಪ ಕಾಂಡದೊಳಗಿನ ಲೋಳೆಯು ಉದ್ದವಾದ ಸಕ್ಕರೆ ಸರಪಳಿಗಳಿಂದ ಕೂಡಿದೆ. ಅದು ಕಣಗಳ ನಡುವೆ ದಾರದಂತೆ ಹಬ್ಬಿ ಅವುಗಳನ್ನು ಕೂಡಿಸುತ್ತದೆ.

ಹುಣಸೆ: ಹಣ್ಣನ್ನು ಬಿಡಿಸಿದ ಮೇಲೆ ಉಳಿಯುವ ಹುಣಸೆ ಬೀಜದ ತಿರುಳಿನ ಪುಡಿಯೂ ಇದೇ ರೀತಿಯಲ್ಲಿ ಸಹಾಯಕವಾಗಿ ಬಳಕೆಯಾಗಬಲ್ಲದು.

6. ಏನು ಸಾಧ್ಯ, ಏನು ಅಸಾಧ್ಯ?

ವಿವಿಧ ದೇಶಗಳ ಪ್ರಯೋಗಾಲಯಗಳಲ್ಲಿ ನಡೆದ ಪರೀಕ್ಷೆಗಳು ಒಂದು ವಿಷಯವನ್ನು ಮತ್ತೆ ಮತ್ತೆ ತೋರಿಸಿವೆ. ಸಸ್ಯಮೂಲ ಹೆಪ್ಪುಕಾರಕಗಳು ಕಸದ ರಸದ ಬಗ್ಗಡವನ್ನೂ ತೇಲುವ ಕಣಗಳನ್ನೂ ಚೆನ್ನಾಗಿ ಇಳಿಸುತ್ತವೆ. ಬಣ್ಣ ಹಾಗೂ ಕೆಲವು ಲೋಹಗಳು ಸ್ವಲ್ಪಮಟ್ಟಿಗೆ ಕಡಿಮೆಯಾಗುತ್ತವೆ. ಸಿಒಡಿಯಲ್ಲಿ ಆಗುವ ಇಳಿಕೆ ಸಾಧಾರಣ, ಅದೂ ರಸದಿಂದ ರಸಕ್ಕೆ ಬದಲಾಗುತ್ತದೆ. ಕರಗಿದ ಅಮೋನಿಯಾ, ಕ್ಲೋರೈಡ್, ನೈಟ್ರೇಟ್ ಮುಂತಾದವು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ.

ಆದಕಾರಣ ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ ಎಂಬುದನ್ನು ಸದಸ್ಯರು ಈ ಪಾಠದ ಮುಖ್ಯ ಮಾತಾಗಿ ಗ್ರಹಿಸಬೇಕು. ಕಪ್ಪಾಗಿದ್ದ ದ್ರವ ತಿಳಿಯಾದಾಗ ಅದನ್ನು ಹಳ್ಳಕ್ಕೆ ಬಿಡಬಹುದು, ತೋಟಕ್ಕೆ ಹಾಯಿಸಬಹುದು, ದನಕರುಗಳು ಕುಡಿದರೆ ತೊಂದರೆಯಿಲ್ಲ ಎಂಬ ಭಾವನೆ ಸಹಜವಾಗಿ ಮೂಡುತ್ತದೆ. ಕಪ್ಪು ನೀರಿನ ಬಳಿಗೆ ಯಾರೂ ಹೋಗುವುದಿಲ್ಲ. ತಿಳಿನೀರನ್ನು ಯಾರೂ ಅನುಮಾನಿಸುವುದಿಲ್ಲ. ಅರೆಬರೆ ಸಂಸ್ಕರಣೆಯ ಅಪಾಯ ಇರುವುದು ಇಲ್ಲಿಯೇ.

ಮತ್ತೆ ಮೂರು ಎಚ್ಚರಿಕೆಗಳು ಇಲ್ಲಿ ಪ್ರಸ್ತುತ. ಒಂದು, ಬೀಜದ ಪುಡಿಯೂ ಸಾವಯವ ವಸ್ತುವೇ ಆದ್ದರಿಂದ ಅತಿಯಾಗಿ ಬೆರೆಸಿದರೆ ಬಿಒಡಿ ಇಳಿಯುವ ಬದಲು ಏರುತ್ತದೆ. ಎರಡು, ಪ್ರಮಾಣ ಮೀರಿದರೆ ಕಣಗಳು ಈಗ ಧನ ವಿದ್ಯುದಂಶ ಪಡೆದು ಮತ್ತೆ ದೂರ ಸರಿಯುವುದರಿಂದ ನೀರು ಪುನಃ ಬಗ್ಗಡವಾಗುತ್ತದೆ. ಮೂರು, ಸಸ್ಯಮೂಲದ ಗಸಿ ಎಂಬ ಕಾರಣಕ್ಕೆ ಅದನ್ನು ಗೊಬ್ಬರವೆಂದು ಹೊಲಕ್ಕೆ ಹಾಕಬಾರದು. ಕಸದ ರಸದಲ್ಲಿದ್ದ ಲೋಹಗಳು ಆ ಗಸಿಯಲ್ಲಿ ಸೇರಿರುತ್ತವೆ.

7. ಒಂದು ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಹತ್ತು ಗುಂಟೆ ಎಂದರೆ ಸುಮಾರು 1,000 ಚದರ ಮೀಟರ್. ಹತ್ತು ಗುಂಟೆಯ ತೆರೆದ ಕಸದ ಗುಡ್ಡೆಯ ಮೇಲೆ ಒಂದು ರಾತ್ರಿ 50 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು 50,000 ಲೀಟರ್. ಇದರಲ್ಲಿ ಅರ್ಧ ಮಾತ್ರ ಕಸದ ರಸವಾಗಿ ಹೊರಬಂದಿತೆಂದು ಭಾವಿಸೋಣ. ಲೀಟರಿಗೆ 2 ಗ್ರಾಂ ನುಗ್ಗೆ ಬೀಜದ ಪುಡಿ ಬೇಕೆಂದರೂ 25,000 ಲೀಟರಿಗೆ 50 ಕಿಲೋ ಪುಡಿ ಬೇಕು. ಸಿಪ್ಪೆ ತೆಗೆದ ಒಂದು ಬೀಜದ ತಿರುಳು ಸುಮಾರು 0.2 ಗ್ರಾಂ ತೂಗುತ್ತದೆ. ಅಂದರೆ ಒಂದು ರಾತ್ರಿಯ ಮಳೆಗೆ ಎರಡೂವರೆ ಲಕ್ಷ ನುಗ್ಗೆ ಬೀಜ!

ಅದೇ ಗುಡ್ಡೆಯ ಮೇಲೆ ತಗಡಿನ ಚಾವಣಿ ಇದ್ದು, ಸುತ್ತಲೂ ಮಳೆನೀರು ಹರಿದುಹೋಗಲು ಚರಂಡಿ ಇದ್ದರೆ ಆ ನೀರಿನ ಬಹುಭಾಗ ಕಸವನ್ನು ಮುಟ್ಟುವುದೇ ಇಲ್ಲ. ಹಸಿ ಕಸ ಮನೆಯಲ್ಲಿಯೇ ಬೇರೆಯಾಗಿ ಗೊಬ್ಬರದ ಗುಂಡಿ ಸೇರಿದರೆ ಕೊಳೆತು ರಸ ಬಿಡುವ ವಸ್ತುವೇ ಗುಡ್ಡೆಗೆ ಬರುವುದಿಲ್ಲ. ಸಂಸ್ಕರಣೆಗಿಂತ ತಡೆಯುವುದು ಅಗ್ಗ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

8. ಪಂಚಾಯಿತಿ ಅನುಸರಿಸಬೇಕಾದ ಕ್ರಮ

ಮೊದಲ ಹೆಜ್ಜೆ, ತಡೆ: ಸ್ವಚ್ಛ ಸಂಕೀರ್ಣಕ್ಕೆ ಬರುವ ಕಸ ಮೂಲದಲ್ಲಿಯೇ ಹಸಿ, ಒಣ ಹಾಗೂ ಅಪಾಯಕಾರಿ ಎಂದು ವಿಂಗಡಣೆಯಾಗಿರಬೇಕು. ಸ್ವಚ್ಛ ವಾಹಿನಿಯಲ್ಲಿ ದುಡಿಯುವ ಸ್ವಸಹಾಯ ಸಂಘದ ಮಹಿಳೆಯರಿಗೆ ಬೆರಕೆ ಕಸವನ್ನು ನಿರಾಕರಿಸುವ ಅಧಿಕಾರವನ್ನು ಪಂಚಾಯಿತಿ ನಿರ್ಣಯದ ಮೂಲಕ ನೀಡಬೇಕು. ಅವರ ಬೆನ್ನಿಗೆ ಸದಸ್ಯರು ನಿಲ್ಲದಿದ್ದರೆ ವಿಂಗಡಣೆ ಕಾಗದದ ಮೇಲೆಯೇ ಉಳಿಯುತ್ತದೆ.

ಎರಡನೆಯ ಹೆಜ್ಜೆ, ಸ್ಥಳ: 2016ರ ನಿಯಮಗಳ ಪ್ರಕಾರ ಭೂಭರ್ತಿ ಸ್ಥಳವು ನದಿಯಿಂದ 100 ಮೀಟರ್, ಕೆರೆ ಕುಂಟೆಯಿಂದ 200 ಮೀಟರ್, ವಸತಿ ಪ್ರದೇಶ ಹಾಗೂ ನೀರು ಸರಬರಾಜು ಬಾವಿಗಳಿಂದ 200 ಮೀಟರ್ ದೂರವಿರಬೇಕಿತ್ತು. ಈ ಅಂತರಗಳು ಗ್ರಾಮ ಮಟ್ಟದ ಸಣ್ಣ ಗುಡ್ಡೆಗಳಿಗೂ ಮಾರ್ಗದರ್ಶಿಯಾಗಬೇಕು. ಹಳ್ಳದ ದಡದಲ್ಲಿ, ಕಲ್ಲುಗುಂಡಿಯಲ್ಲಿ, ಬತ್ತಿದ ಬಾವಿಯಲ್ಲಿ ಕಸ ತುಂಬುವ ರೂಢಿಯನ್ನು ಕೂಡಲೇ ನಿಲ್ಲಿಸಬೇಕು. ಬತ್ತಿದ ಬಾವಿಗೆ ಕಸ ಸುರಿಯುವುದೆಂದರೆ ಅಂತರ್ಜಲದ ಬಾಯಿಗೆ ನೇರವಾಗಿ ಸುರಿದಂತೆ.

ಮೂರನೆಯ ಹೆಜ್ಜೆ, ಸಂಗ್ರಹ: ಈಗಾಗಲೇ ಗುಡ್ಡೆ ಇರುವ ಕಡೆ ಅದರ ತಗ್ಗಿನ ಬದಿಯಲ್ಲಿ, ನೀರು ಇಂಗದಂತೆ ಜೇಡಿ ಬಡಿದು ಎಚ್‌ಡಿಪಿಇ ಹಾಳೆ ಹಾಸಿದ ಗುಂಡಿಯಲ್ಲಿ ರಸವನ್ನು ಹಿಡಿಯಬೇಕು. ಬಚ್ಚಲ ಗುಂಡಿಯಂತೆ ಇಂಗುಗುಂಡಿ ತೋಡುವುದು ಇಲ್ಲಿ ಸಲ್ಲದು. ಬಚ್ಚಲ ನೀರು ಇಂಗಬಹುದು, ಕಸದ ರಸ ಇಂಗಬಾರದು. ಒಣಹವೆಯ ಈ ಭಾಗದಲ್ಲಿ ಬಿಸಿಲು ಒಂದು ಅನುಕೂಲ. ಹಾಳೆ ಹಾಸಿದ ಆಳವಿಲ್ಲದ ಗುಂಡಿಯಲ್ಲಿ ಬೇಸಿಗೆಯಲ್ಲಿ ಬಹಳಷ್ಟು ನೀರು ಆವಿಯಾಗುತ್ತದೆ. ವಿಂಗಡಿಸಿದ ಹಸಿ ಕಸದ ಗುಂಡಿಯಿಂದ ಬಂದ ರಸವನ್ನು ಮತ್ತೆ ಅದೇ ಗೊಬ್ಬರದ ರಾಶಿಗೆ ಚಿಮುಕಿಸಬಹುದು. ಬೆರಕೆ ಕಸದ ರಸಕ್ಕೆ ಇದು ಅನ್ವಯಿಸದು.

ನಾಲ್ಕನೆಯ ಹೆಜ್ಜೆ, ಪ್ರಯೋಗ: ಸಂಗ್ರಹವಾದ ರಸಕ್ಕೆ ಸಸ್ಯಮೂಲ ಹೆಪ್ಪುಕಾರಕ ಹೊಂದುತ್ತದೆಯೇ ಎಂದು ತಿಳಿಯಲು ಜಾಡಿ ಪರೀಕ್ಷೆ ಮಾಡಬೇಕು. ಇದನ್ನು ತಾಂತ್ರಿಕ ಸಿಬ್ಬಂದಿಯ ಸಮ್ಮುಖದಲ್ಲಿ, ಕೈಗವಸು ಮತ್ತು ಮುಖಗವಸು ಧರಿಸಿ, ಅಡುಗೆಗೆ ಬಳಸದ ಪಾತ್ರೆಗಳಲ್ಲಿ ಮಾಡತಕ್ಕದ್ದು. ಒಣ ನುಗ್ಗೆ ಬೀಜದ ಸಿಪ್ಪೆ ತೆಗೆದು, ತಿರುಳನ್ನು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಬೇಕು. 12.5 ಗ್ರಾಂ ಪುಡಿಯನ್ನು 250 ಮಿಲಿಲೀಟರ್ ನೀರಿನಲ್ಲಿ ಚೆನ್ನಾಗಿ ಕದಡಿ ಬಟ್ಟೆಯಲ್ಲಿ ಸೋಸಿದರೆ ಸಾರ ಸಿದ್ಧ. ಇದು ಬೇಗ ಕೆಡುವುದರಿಂದ ಅದೇ ದಿನ ಬಳಸಬೇಕು. ತಲಾ ಒಂದು ಲೀಟರ್ ಕಸದ ರಸವಿರುವ ಆರು ಪಾರದರ್ಶಕ ಜಾಡಿಗಳಲ್ಲಿ ಒಂದಕ್ಕೆ ಏನನ್ನೂ ಬೆರೆಸದೆ, ಉಳಿದವಕ್ಕೆ ಕ್ರಮವಾಗಿ 10, 20, 40, 60, 80 ಮಿಲಿಲೀಟರ್ ಸಾರ ಬೆರೆಸಬೇಕು. ಇದು ಲೀಟರಿಗೆ ಅರ್ಧ ಗ್ರಾಂನಿಂದ 4 ಗ್ರಾಂವರೆಗಿನ ಪುಡಿಗೆ ಸಮ. ಒಂದೆರಡು ನಿಮಿಷ ವೇಗವಾಗಿ, ಬಳಿಕ ಇಪ್ಪತ್ತು ನಿಮಿಷ ನಿಧಾನವಾಗಿ ಕಲಕಿ, ಒಂದು ಗಂಟೆ ಅಲುಗಿಸದೆ ಬಿಡಬೇಕು. ಅತಿ ಕಡಿಮೆ ಸಾರದಲ್ಲಿ ಅತಿ ಹೆಚ್ಚು ತಿಳಿಯಾದ ಜಾಡಿಯೇ ಸರಿಯಾದ ಪ್ರಮಾಣವನ್ನು ಸೂಚಿಸುತ್ತದೆ. ಆ ಜಾಡಿಯ ಮೇಲಿನ ನೀರನ್ನೂ ಏನನ್ನೂ ಬೆರೆಸದ ಜಾಡಿಯ ನೀರನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ ಬಿಒಡಿ, ಸಿಒಡಿ, ಅಮೋನಿಯಾ ಹಾಗೂ ಲೋಹಗಳನ್ನು ಪರೀಕ್ಷಿಸಿದ ಮೇಲೆಯೇ ಮುಂದಿನ ತೀರ್ಮಾನ ಕೈಗೊಳ್ಳಬೇಕು. ಕಣ್ಣಿಗೆ ಕಂಡದ್ದೇ ಫಲಿತಾಂಶವಲ್ಲ.

ಐದನೆಯ ಹೆಜ್ಜೆ, ಮುಂದಿನ ಸಂಸ್ಕರಣೆ: ಹೆಪ್ಪುಗಟ್ಟಿಸಿ ತಿಳಿಗೊಳಿಸಿದ ದ್ರವಕ್ಕೆ ಗಾಳಿ ಹಾಯಿಸುವ ಕೊಳ, ಅನಂತರ ಜಲ್ಲಿ ತುಂಬಿ ಜೊಂಡು ಬೆಳೆಸಿದ ತೊಟ್ಟಿಯಂತಹ ಹಂತಗಳು ಬೇಕು. ಅಮೋನಿಯಾ ಕಡಿಮೆಯಾಗುವುದು ಈ ಹಂತಗಳಲ್ಲಿ. ಇವುಗಳ ವಿನ್ಯಾಸವನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಅಭಿಯಂತರರಿಂದ ಪಡೆಯಬೇಕು. ಹೊರಗೆ ಬಿಡುವ ಪ್ರಶ್ನೆ ಬಂದಾಗ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಭಿಪ್ರಾಯ ಪಡೆಯುವುದು ಅವಶ್ಯ.

ಆರನೆಯ ಹೆಜ್ಜೆ, ನಿಗಾ: ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆ ಇದೆ. ಕಸದ ಗುಡ್ಡೆಗೆ ಹತ್ತಿರವಿರುವ ಕೊಳವೆ ಬಾವಿಯ ನೀರಿನಲ್ಲಿ ಕ್ಲೋರೈಡ್ ಮತ್ತು ನೈಟ್ರೇಟ್ ಪ್ರಮಾಣವನ್ನು ಮಳೆಗಾಲಕ್ಕೆ ಮೊದಲು ಹಾಗೂ ಅನಂತರ ಅವರಿಂದ ಪರೀಕ್ಷಿಸಿ ದಾಖಲಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಈ ಎರಡು ಅಂಶಗಳು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದು ಕಸದ ರಸ ನೆಲದೊಳಗೆ ಸಾಗುತ್ತಿರುವುದರ ಮೊದಲ ಸೂಚನೆಯಾಗಿರಬಹುದು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯು ಈ ದಾಖಲೆಯನ್ನು ಗ್ರಾಮಸಭೆಯ ಮುಂದಿಡಬೇಕು.

9. ಸಾರಾಂಶ

ನುಗ್ಗೆ, ಚಿಲ್ಲ, ಪಾಪಾಸುಕಳ್ಳಿಗಳು ಕಸದ ರಸವನ್ನು ತಿಳಿಗೊಳಿಸುವಲ್ಲಿ ನಿಜವಾಗಿಯೂ ನೆರವಾಗುತ್ತವೆ. ಆದರೆ ಅವು ಹಲವು ಹಂತಗಳಲ್ಲಿ ಒಂದು ಹಂತ ಮಾತ್ರ. ಅವುಗಳಿಗೆ ಮೊದಲು ವಿಂಗಡಣೆ, ಚಾವಣಿ ಮತ್ತು ಸಂಗ್ರಹ ಇರಬೇಕು. ಅವುಗಳ ನಂತರ ಜೈವಿಕ ಸಂಸ್ಕರಣೆ ಮತ್ತು ಪರೀಕ್ಷೆ ಇರಬೇಕು. ಈ ಕ್ರಮವನ್ನು ಬಿಟ್ಟು ಬೀಜದ ಪುಡಿಯೊಂದನ್ನೇ ನೆಚ್ಚಿಕೊಂಡರೆ ಕಣ್ಣಿಗೆ ಕಾಣುವ ಮಾಲಿನ್ಯವನ್ನು ಕಾಣದ ಮಾಲಿನ್ಯವಾಗಿ ಬದಲಿಸಿದಂತಾಗುತ್ತದೆ.

ಸಾಮಾನ್ಯ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಪಂಚಾಯಿತಿ ವ್ಯಾಪ್ತಿಯಲ್ಲಿ ಕಸ ಸುರಿಯುವ ಸ್ಥಳಗಳು ಎಷ್ಟಿವೆ? ಪ್ರತಿಯೊಂದಕ್ಕೂ ಅತಿ ಹತ್ತಿರದ ಕೊಳವೆ ಬಾವಿ, ಕೆರೆ, ಹಳ್ಳ ಎಷ್ಟು ದೂರದಲ್ಲಿವೆ?

2. ಬತ್ತಿದ ಬಾವಿ ಅಥವಾ ಕಲ್ಲುಗುಂಡಿಗಳಿಗೆ ಕಸ ಬೀಳುತ್ತಿದೆಯೇ? ಅದನ್ನು ನಿಲ್ಲಿಸಲು ಯಾರಿಗೆ ಹೊಣೆ ವಹಿಸಲಾಗಿದೆ?

3. ಮಳೆಗಾಲಕ್ಕೆ ಮೊದಲು ಗುಡ್ಡೆಯ ಸುತ್ತ ಚರಂಡಿ ಹಾಗೂ ಹಾಳೆ ಹಾಸಿದ ಸಂಗ್ರಹ ಗುಂಡಿಯನ್ನು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿಸಲಾಗಿದೆಯೇ?

4. ಗುಡ್ಡೆಯ ಸಮೀಪದ ಕೊಳವೆ ಬಾವಿಯ ನೀರನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಫಲಿತಾಂಶವನ್ನು ಗ್ರಾಮಸ್ಥರಿಗೆ ತಿಳಿಸಲಾಗಿದೆಯೇ?

5. ಜಾಡಿ ಪರೀಕ್ಷೆಗೆ ಬೇಕಾದ ತಾಂತ್ರಿಕ ನೆರವನ್ನು ಕೋರಿ ಪಂಚಾಯಿತಿಯು ನಿರ್ಣಯ ಕೈಗೊಳ್ಳಬಹುದೇ?

ಈ ಐದು ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಸಭಾ ನಡವಳಿಯಲ್ಲಿ ದಾಖಲಿಸಿ, ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳುವುದು ಸೂಕ್ತ.